ಮುಚ್ಚಳ ಇರುವ ಮರದ ಭರಣಿ ಲೇತಲ್ಲಿ ಕಡೆಯುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ರ, ಅಡಿಕೆ ತೋಟ. ಮನೆ ಹಿಂದೆ ಅಡಿಕೆ ಸುಲಿಯುವ ಶೆಡ್ಡು, ಅದರ ಒಂದು ಮೂಲೆಲಿ ನನ್ನ ಲೇತು, ಅಂದ್ರೆ ಮರ ತಿರುಗಿಸಿ ಉಳಿಲಿ ಕಡೆಯುವ ಯಂತ್ರ. ಪೂಜೆಗೋ ತಿಥಿಗೋ ಅಂತ ಬಂದವರು ಊಟ ಆಗಿ ಕೈ ತೊಳ್ದು ಮೆಲ್ಲ ಆ ಕಡೆ ಬರ್ತಾರೆ, ಹಲಗೆ ಮೇಲೆ ಸಾಲಾಗಿ ಇಟ್ಟ ಭರಣಿಗಳ ಮುಚ್ಚಳ ಟುಪುಕ್ ಟುಪುಕ್ ಅಂತ ತೆಗ್ದು ಹಾಕಿ ಮಾಡ್ತಾರೆ, ಮತ್ತೆ ಶುರು ಪ್ರಶ್ನೆಗಳು. ಹೇಳಿ ಹೇಳಿ ನನಗೂ ಬಾಯಿಪಾಠ ಆಗಿದೆ, ಹಾಗಾಗಿ ಒಂದು ಕಡೆ ಬರ್ದಿಟ್ಟದ್ದು.

ಭರಣಿ ಅಂದ್ರೆ ಉಪ್ಪಿನಕಾಯಿದಲ್ವಾ?

ಅದು ಪಿಂಗಾಣಿದು. ಇದು ಕುಂಕುಮದ ಭರಣಿ. ಕೆಲವರು ಕರಡಿಗೆ ಅಂತಾರೆ, ಕೆಲವರು ಡಬ್ಬಿ ಅಂತಾರೆ. ಎರಡೂವರೆ ಇಂಚು ದಪ್ಪ, ನಾಲ್ಕು ಇಂಚು ಎತ್ತರ, ಮೇಲೆ ಒಂದು ಮುಚ್ಚಳ, ಅಷ್ಟೇ ಸಂಗತಿ.

ಕಡೆಯುದು ಅಂತ ಎಂತಕ್ಕೆ ಹೇಳ್ತೀರಿ? ಮಜ್ಜಿಗೆಯಾ?

ತಮಾಷೆಗೆ ಕೇಳ್ತಾರೆ, ಆದ್ರೆ ಪ್ರಶ್ನೆ ಸರಿ ಉಂಟು. ಮೋಟರು ಬರುದಕ್ಕೆ ಮೊದಲು ಲೇತು ತಿರುಗಿಸ್ತಿದ್ದದ್ದು ಹಗ್ಗದಲ್ಲಿ. ಒಬ್ಬ ಹಗ್ಗ ಎಳ್ದು ಬಿಟ್ಟು ಎಳ್ದು ಬಿಟ್ಟು ಮಾಡುದು, ಇನ್ನೊಬ್ಬ ಉಳಿ ಹಿಡಿಯುದು. ಮರ ಒಂದು ಸರ್ತಿ ಈಚೆ ಒಂದು ಸರ್ತಿ ಆಚೆ ತಿರುಗ್ತದೆ, ಉಳಿ ಕೊರೆಯುದು ತನ್ನ ಕಡೆ ತಿರುಗುವಾಗ ಮಾತ್ರ. ಕಡೆಗೋಲಿಗೂ ಇದಕ್ಕೂ ವ್ಯತ್ಯಾಸ ಎಂತ ಉಂಟು ಹೇಳಿ.

ಯಾವ ಮರ ಒಳ್ಳೆದು?

ನಮ್ಮ ಕಡೆ ಕಣ್ಣು ಮುಚ್ಚಿ ಹಲಸು. ಚೆಂಡೆ ಮದ್ದಳೆಯ ಗೂಡು ಆಗುದು ಇದೇ ಮರದಲ್ಲಿ ಅಂದ್ರೆ ಯೋಚ್ನೆ ಮಾಡಿ, ಅಷ್ಟು ತೆಳು ಮಾಡಿ ಅಷ್ಟು ಪೆಟ್ಟು ತಿಂದ್ರೂ ತಾಳ್ತದೆ. ಕಡೆದ ದಿನ ಅರಸಿನದ ಹಾಗೆ ಹಳದಿ ಇರ್ತದೆ, ಎರಡು ವರ್ಷದಲ್ಲಿ ಬೆಲ್ಲದ ಬಣ್ಣ ಬರ್ತದೆ. ಚೇಗು ಮಾತ್ರ ತಗೊಳ್ಳಿ, ಹೊರಗಿನ ಬಿಳಿ ಭಾಗ ಬಿಡಿ, ಅದಕ್ಕೆ ಕುಟ್ಟೆ ಬಿದ್ದೇ ಬೀಳ್ತದೆ. ಹಲಸಿಂದು ಒಂದು ಕಿರಿಕಿರಿ ಎಂತ ಅಂದ್ರೆ ಗೆರೆ ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ ಹೋಗಿರ್ತದೆ, ಉಳಿ ಮೊಂಡಾದ್ರೆ ಅಲ್ಲಲ್ಲಿ ಕಿತ್ತು ಬರ್ತದೆ.

ಹೆಬ್ಬಲಸು ಸಾ ಒಳ್ಳೆದು. ತೇಗ ಆಗ್ತದೆ, ಆದ್ರೆ ಅದರಲ್ಲಿ ಮರಳಿನ ಹಾಗಿಂದು ಎಂತದೋ ಉಂಟು, ಉಳಿಯ ಬಾಯಿ ಬೇಗ ಹೋಗ್ತದೆ. ಮಾವು ಅಗ್ಗ, ಒಂದು ಮಳೆಗಾಲ ಹೊರಗೆ ಬಿದ್ದ ಮಾವಿನ ತುಂಡಲ್ಲಿ ಕಪ್ಪು ಗೆರೆಗಳು ಬಂದಿರ್ತದೆ, ಅದು ಚಂದ ಕಾಣ್ತದೆ, ಆದ್ರೆ ಕೊಳೆಯುದಕ್ಕೆ ಮೊದಲು ತೆಗಿಬೇಕು. ಬೀಟೆ ಚಂದವೋ ಚಂದ, ಹುಡಿ ಮಾತ್ರ ಕೆಲವರ ಮೈಗೆ ಆಗುದಿಲ್ಲ, ಕೈಯೆಲ್ಲ ದಡಿಕೆ ಏಳ್ತದೆ. ರಬ್ಬರು ಕಡೆಯಲಿಕ್ಕೆ ಸುಲಭ, ಆದ್ರೆ ಮದ್ದು ಕುಡಿಸದ ರಬ್ಬರಿಗೆ ವರ್ಷದೊಳಗೆ ಹುಳ, ಮಳೆಗಾಲದಲ್ಲಾದ್ರೆ ವಾರದೊಳಗೆ ನೀಲಿ ಕಲೆ. ಗಂಧ ಕೇಳ್ಬೇಡಿ. ಸ್ವಂತ ಜಾಗದಲ್ಲಿ ಇದ್ರೂ ಅನುಮತಿ ಇಲ್ಲದೆ ಮುಟ್ಟಿದ್ರೆ ಕೇಸು. ಕಾಸರಕ ಅಂತೂ ಬೇಡವೇ ಬೇಡ, ಕಾಸರಗೋಡಿಗೆ ಹೆಸರು ಬಂದದ್ದೇ ಆ ಮರದಿಂದ ಅಂತ ಒಂದು ಮಾತುಂಟು, ಇರ್ಲಿ, ಬೀಜದಲ್ಲಿ ವಿಷ ಇರುವ ಮರದ ಹುಡಿ ಮೂಗಿಗೆ ಎಳ್ಕೊಳ್ಳಿಕ್ಕೆ ನನಗಂತೂ ಧೈರ್ಯ ಇಲ್ಲ.

ಎಲ್ಲಕ್ಕಿಂತ ಬೆಸ್ಟು ಹಳೆ ಮನೆ ಒಡೆದ ಮರ. ಈಗ ಹಂಚಿನ ಮನೆ ಒಡೆದು ಟೆರೇಸು ಕಟ್ಟುದು ಎಲ್ಲ ಕಡೆ ನಡೀತಾ ಉಂಟಲ್ಲ, ದಾರಂದದ ತುಂಡು, ಮಂಚದ ಕಾಲು, ತೊಲೆಯ ಕೊಡಿ, ಎಲ್ಲ ಸೌದೆ ಕೊಟ್ಟಿಗೆಗೆ ಹೋಗ್ತದೆ. ಅರುವತ್ತು ವರ್ಷ ಮಾಡಿನ ಅಡಿಲಿ ಒಣಗಿದ ಮರ ಅದು, ಯಾವ ಅಂಗಡಿಲಿ ದುಡ್ಡು ಕೊಟ್ರೂ ಸಿಗುದಿಲ್ಲ. ಆದ್ರೆ ಒಳಗೆ ಮೊಳೆ ಇರ್ತದೆ. ಮೊದಲು ನಾಲ್ಕೂ ಬದಿಗೆ ಒಂದು ಅಯಸ್ಕಾಂತ ಓಡಿಸಿ. ಹಳೆ ಸ್ಪೀಕರಿಂದ ತೆಗೆದದ್ದು ಸಾಕಾಗ್ತದೆ. ಮಾಡಿನ ಪಕ್ಕಾಸು ಬೋಗಿ ಮರದ್ದಾದ್ರೆ ಬಿಟ್ಟುಬಿಡಿ, ಅದು ಮರ ಅಲ್ಲ, ಕಲ್ಲು.

ಚನ್ನಪಟ್ಟಣದವರು ಹಾಲೆ ಮರ ಉಪಯೋಗಿಸ್ತಾರಂತೆ, ನಮ್ಮಲ್ಲಿ ಪಾಲೆ ಬೇಕಾದಷ್ಟು ಉಂಟಲ್ಲ?

ಇಲ್ಲೇ ಎಲ್ಲರೂ ಎಡವುದು, ನಾನೂ ಎಡವಿದ್ದೇನೆ. ನಮ್ಮ ಪಾಲೆ ಅಂದ್ರೆ ಆಟಿ ಅಮಾಸೆಗೆ ಬೆಳಿಗ್ಗೆ ಕೆತ್ತೆ ತೆಗ್ದು ಕಷಾಯ ಕುಡಿಯುದಲ್ಲ, ಅದು. ಮಲಯಾಳಲ್ಲಿ ಏಳಿಲಂಪಾಲ. ಚನ್ನಪಟ್ಟಣದ ಹಾಲೆ ಬೇರೆ, ಅದಕ್ಕೆ ಮಲಯಾಳಲ್ಲಿ ದಂತಪಾಲ ಅಂತಾರೆ, ಹೆಸರಿಗೆ ತಕ್ಕ ಹಾಗೆ ದಂತದ ಬಣ್ಣ, ಗೆರೆಯೇ ಕಾಣುದಿಲ್ಲ, ಬೆಣ್ಣೆ ಕೊರೆದ ಹಾಗೆ ಬರ್ತದೆ. ನಮ್ಮ ಪಾಲೆ ಹಗುರ, ಮೆತ್ತಗೆ, ಕಡೆದ್ರೆ ಅಂಚಲ್ಲಿ ರೋಮ ಎದ್ದು ನಿಲ್ತದೆ, ಎಷ್ಟು ಉಜ್ಜಿದ್ರೂ ಹತ್ತಿಯ ಹಾಗೆ. ಎರಡಕ್ಕೂ ಹಾಲು ಬರ್ತದೆ ಅಂತ ಎರಡಕ್ಕೂ ಒಂದೇ ಹೆಸರು ಇಟ್ಟದ್ದು.

ಮಿಲ್ಲಿಗೆ ಹೋದ್ರೂ ಇದೇ ಕತೆ. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿ ರಾಜ್ಯ ಬದಲಾಯ್ತು, ಮನೆಲಿ ಮರದ ಹೆಸರು ಬದಲಾಗ್ಲಿಲ್ಲ. ಹಲಸು ಬೇಕಾದ್ರೆ ಪ್ಲಾವು ಅಂತ ಕೇಳ್ಬೇಕು, ಹೆಬ್ಬಲಸಿಗೆ ಆಯಿನಿ ಇಲ್ಲಾ ಆಂಜಿಲಿ, ಬೀಟೆಗೆ ಈಟಿ. ತುಳು ಗೊತ್ತಿರುವ ಆಚಾರಿ ಸಿಕ್ಕಿದ್ರೆ ಹಲಸಿಗೆ ಪೆಲ, ಹೆಬ್ಬಲಸಿಗೆ ಪೆಜ. ಈ ಪಟ್ಟಿ ಒಂದು ಚೀಟಿಲಿ ಬರ್ದು ಕಿಸೆಲಿ ಇಟ್ಕೊಳ್ಳಿ.

ತೆಂಗು, ಅಡಿಕೆ ಮರದಲ್ಲಿ ಆಗ್ತದಾ?

ಅಡಿಕೆಲಿ ಇಲ್ಲ, ನಡು ಬರೀ ಬೆಂಡು. ತೆಂಗಲ್ಲಿ ಬುಡದ ಹೊರಗಿನ ಗಟ್ಟಿ ಭಾಗ ಆಗ್ತದೆ, ಆದ್ರೆ ನಾರು ನಾರು, ಉಳಿಯ ಹರಿತ ಹತ್ತು ನಿಮಿಷಕ್ಕೆ ಹೋಗ್ತದೆ. ಮೊದಲ ಭರಣಿಗೆ ಅದು ಬೇಡ.

ಹಸಿ ಮರ ಕಡೆಯಬಹುದಾ? ಎಷ್ಟು ದಿನ ಒಣಗಿಸ್ಬೇಕು?

ಕಡೆಯಬಹುದು, ಭರಣಿ ಆಗುದಿಲ್ಲ, ಅಷ್ಟೇ.

ಇದಕ್ಕೆ ನನ್ನದೇ ಮರ್ಯಾದೆ ಹೋದ ಕತೆ ಉಂಟು. ಅತ್ತಿಗೆ ಮನೆಲಿ ಒಂದು ಜಂಬ್ರ, ಉಡುಗೊರೆ ಕೊಡ್ಲಿಕ್ಕೆ ಹನ್ನೊಂದು ಭರಣಿ ಬೇಕು ಅಂದ್ರು. ಗಾಳಿಗೆ ಬಿದ್ದ ಹಲಸು ಇತ್ತು, ಮೂರು ತಿಂಗಳೂ ಆಗಿರ್ಲಿಲ್ಲ. ಕಡೆದೆ, ಮುಚ್ಚಳ ಒಂದೊಂದೂ ಗಾಳಿ ಹಿಡಿದ ಹಾಗೆ ಕೂತಿತ್ತು, ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಇಪ್ಪತ್ತು ದಿನಕ್ಕೆ ಭಾವನ ಫೋನು, ಮಾರಾಯಾ ಇದರ ಮುಚ್ಚಳ ತೆಗಿಲಿಕ್ಕೆ ಎಂತಾದ್ರೂ ಮಂತ್ರ ಉಂಟಾ ಅಂತ. ಹೋಗಿ ನೋಡುವಾಗ ಭಾವ ಇಕ್ಕಳ ತಂದು ಕೂತಿದ್ದಾರೆ. ಹನ್ನೊಂದರಲ್ಲಿ ಏಳು ತೆಗಿಲಿಕ್ಕೇ ಬರ್ಲಿಲ್ಲ, ಎರಡು ಒಡೆದಿತ್ತು, ಉಳಿದ ಎರಡು ಕವಿಚಿ ಹಾಕಿದ್ರೆ ಮುಚ್ಚಳ ತಾನಾಗಿ ಬೀಳ್ತಿತ್ತು.

ಕಾರಣ ಇಷ್ಟೇ. ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಹಾಗೆ ಕುಗ್ಗುದಿಲ್ಲ. ಉದ್ದಕ್ಕೆ ಕುಗ್ಗುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ವರ್ಷದ ಬಳೆ ಕಾಣ್ತದಲ್ಲ, ಆ ಬಳೆಯ ಸುತ್ತಿನ ದಿಕ್ಕಲ್ಲಿ ಕುಗ್ಗುದು, ನಡುವಿಂದ ಹೊರಗೆ ಬರುವ ದಿಕ್ಕಿನ ಸುಮಾರು ಎರಡರಷ್ಟು. ಹಾಗಾಗಿ ಇವತ್ತು ಗುಂಡಗೆ ಕಡೆದದ್ದು ಒಂದು ತಿಂಗಳಲ್ಲಿ ಮೊಟ್ಟೆ ಆಕಾರ ಆಗ್ತದೆ. ಬುಡವೂ ಮೊಟ್ಟೆ, ಮುಚ್ಚಳವೂ ಮೊಟ್ಟೆ, ಒಂದರ ಉದ್ದದ ಮೇಲೆ ಇನ್ನೊಂದರ ಅಡ್ಡ ಬಂದ್ರೆ ಕಚ್ಚಿ ಹಿಡೀತದೆ.

ಹಾಗಾಗಿ ಎರಡು ಸರ್ತಿ ಕಡೆಯುದು. ಮೊದಲು ಒರಟಾಗಿ, ಬುಡ ಮುಚ್ಚಳ ಬೇರೆ ಮಾಡಿ, ಒಳಗೂ ತೆಗ್ದು, ಗೋಡೆ 10 ಮಿಲ್ಲಿ ದಪ್ಪ ಬಿಡಿ. ಬಾಯಿಯ ಅಂಚಿಗೆ ಮೇಣ ಇಲ್ಲಾ ಫೆವಿಕಾಲ್ ಹಚ್ಚಿ, ಇಲ್ಲದಿದ್ರೆ ಅಲ್ಲಿಂದಲೇ ಬಿರಿಯುದು. ಅಡಿಗೆ ಮನೆ ಅಟ್ಟದಲ್ಲಿ ಇಡಿ. ಅಂಗಳದಲ್ಲಿ ಅಡಿಕೆ ಒಟ್ಟಿಗೆ ಬಿಸಿಲಿಗೆ ಹಾಕ್ಬೇಡಿ, ಸಂಜೆಗೆ ಬಾಯಿ ಬಿಟ್ಟಿರ್ತದೆ. ಎಷ್ಟು ದಿನ ಅಂತ ನನ್ನನ್ನು ಕೇಳ್ಬೇಡಿ, ತಕ್ಕಡಿಯನ್ನು ಕೇಳಿ. ವಾರಕ್ಕೊಮ್ಮೆ ತೂಕ ಮಾಡಿ ಪೆನ್ಸಿಲಲ್ಲಿ ಅದರ ಮೇಲೆಯೇ ಬರೀರಿ. ನನ್ನ ಹತ್ರ ಈಗ ಇರುವ ಒಂದರ ಮೇಲೆ ಬರ್ದದ್ದು ಹೀಗುಂಟು: 248, 227, 213, 205, 201, 200, 200. ಎರಡು ವಾರ ಒಂದೇ ತೂಕ ಬಂತಾ, ಆಯ್ತು. ಬೇಸಗೆಲಿ ಇದು ಒಂದೂವರೆ ತಿಂಗಳ ಮಾತು. ಜೂನಿಂದ ಸೆಪ್ಟೆಂಬರ್ ತನಕ ಲೆಕ್ಕಕ್ಕೇ ಹಿಡಿಬೇಡಿ, ಆಟಿ ತಿಂಗಳಲ್ಲಿ ತೂಕ ಇಳಿಯುದು ಬಿಡಿ, ಏರಿದ್ದೂ ಉಂಟು.

ಮತ್ತೆ ಮರದ ನಟ್ಟ ನಡುವಿನ ಚುಕ್ಕೆ ಇರುವ ತುಂಡು ಬೇಡ. ಕೊಂಬೆ ಗುಂಡಗೇ ಉಂಟಲ್ಲ, ಹಾಗೇ ಕಡೆದ್ರೆ ಆಯ್ತಲ್ಲ ಅಂತ ಅನ್ನಿಸ್ತದೆ, ಚುಕ್ಕೆಯಿಂದ ಹೊರಗೆ ನೇರ ಬಿರುಕು ಬರ್ತದೆ, ತಪ್ಪುದೇ ಇಲ್ಲ.

ಯಾವ ಲೇತು ತಗೊಳ್ಳುದು? ಸ್ಪೀಡು ಎಷ್ಟು?

ಭರಣಿಗೆ ಚಿಕ್ಕದು ಸಾಕು, ಅರ್ಧ ಹೆಚ್‌ಪಿ ಮೋಟರು ಧಾರಾಳ. ಮಂಚದ ಕಾಲು ಕಡೆಯುವ ಉದ್ದದ ಲೇತು ಜಾಗ ತಿನ್ನುದು ಅಷ್ಟೇ. ನೋಡ್ಬೇಕಾದ್ದು ತಿರುಗುವ ದಂಡ ಅಲ್ಲಾಡ್ತದಾ ಅಂತ. ಕೈಯಲ್ಲಿ ಹಿಡ್ದು ಆಚೀಚೆ ಜಗ್ಗಿ ನೋಡಿ, ಕಟ್ ಅಂದ್ರೆ ಬೇರಿಂಗ್ ಹೋಗಿದೆ, ಅಂಥದ್ರಲ್ಲಿ ಮುಚ್ಚಳ ಕೂರಿಸುದು ಈ ಜನ್ಮಕ್ಕಿಲ್ಲ.

ಸಾದಾ ಮೋಟರು ನಿಮಿಷಕ್ಕೆ 1440 ಸುತ್ತು. ಮೋಟರಿಗೆ 3 ಇಂಚಿನ ಪುಲ್ಲಿ, ಲೇತಿಗೆ 4 ಇಂಚಿಂದು ಹಾಕಿದ್ರೆ 1080 ಬರ್ತದೆ, ಒರಟು ಕೆಲಸಕ್ಕೆ ಅದು. ತಿರುಗಿಸಿ ಹಾಕಿದ್ರೆ 1920, ಫಿನಿಷಿಂಗಿಗೆ ಅದು. ಎರಡೂವರೆ ಇಂಚಿನ ಭರಣಿಗೆ ಇದಕ್ಕಿಂತ ಹೆಚ್ಚು ಎಂತಕ್ಕೂ ಬೇಡ. ಚೌಕ ತುಂಡು ಗುಂಡಗೆ ಆಗುವ ತನಕ ಕಮ್ಮಿ ಸ್ಪೀಡಲ್ಲೇ ಇರ್ಲಿ.

ನಾಲ್ಕು ದವಡೆಯ ಚಕ್ ಬೇಕೇ ಬೇಕಾ?

ಮರವನ್ನು ಕಚ್ಚಿ ಹಿಡಿಯುವ ಚಕ್ ಇದ್ರೆ ಸುಖ. ಇಲ್ಲದೆಯೂ ವರ್ಷಗಟ್ಲೆ ಮಾಡಿದ್ದೇನೆ. ಫೇಸ್‌ಪ್ಲೇಟಿಗೆ (ಲೇತಿನ ದಂಡಕ್ಕೆ ಹಾಕುವ ತಟ್ಟೆ) ಒಂದು ದಪ್ಪ ಮರದ ತುಂಡು ಸ್ಕ್ರೂ ಹಾಕಿ, ಅದರ ನಡುವೆ ಗುಂಡಿ ಕಡೀರಿ, ಭರಣಿಯ ತುಂಡಿನ ಕೊನೆಲಿ ಆ ಗುಂಡಿಗೆ ಸರಿಯಾಗಿ ಕೂರುವ ಮೊಣೆ, ಅಂದ್ರೆ ಗಿಡ್ಡ ಗೂಟ, ಮಾಡಿ, ಮರದ ಸುತ್ತಿಗೆಯಲ್ಲಿ ಬಡ್ದು ಕೂರಿಸಿ. ಮೊಣೆಗೆ ಸ್ವಲ್ಪವೇ ಸ್ವಲ್ಪ ಓರೆ ಇರ್ಬೇಕು. ಚಕ್ ಇದ್ದವರಿಗೆ ಒಂದು ಮಾತು, ಮೊಣೆ ಚಕ್ಕಿನ ತಳಕ್ಕೆ ತಾಗ್ಬಾರ್ದು. ದವಡೆಯ ಮೇಲ್ಮುಖದ ಮೇಲೆ ಮರದ ಭುಜ ಕೂರ್ಬೇಕು, ಹಿಡಿತ ಬರುದು ಅಲ್ಲಿಂದ. 6 ಮಿಲ್ಲಿ ಉದ್ದದ ಮೊಣೆ ಸಾಕು.

ಉಳಿ ಎಷ್ಟು ಬೇಕು? ಹಳೆ ಅರ ತಿಕ್ಕಿ ಉಳಿ ಮಾಡಬಹುದಾ?

ಎರಡನೇದು ಮೊದಲು ಹೇಳ್ತೇನೆ: ಮಾಡ್ಬೇಡಿ. ಅರದ ಉಕ್ಕು ಗಾಜಿನ ಹಾಗೆ, ತಿರುಗುವ ಮರ ಕಚ್ಚಿ ಹಿಡಿದ್ರೆ ಫಟ್ ಅಂತ ತುಂಡಾಗ್ತದೆ, ತುಂಡು ಹಾರುದು ನಿಮ್ಮ ಮುಖಕ್ಕೆ. ಜೀಪಿನ ಪಟ್ಟೆ ಸ್ಪ್ರಿಂಗಿಂದು ಮಾಡಿಸ್ಬಹುದು, ಅದಕ್ಕೆ ಬಾಗುವ ಗುಣ ಉಂಟು, ಆದ್ರೆ ಗ್ರೈಂಡರಲ್ಲಿ ಹರಿತ ಮಾಡುವಾಗ ತುದಿ ನೀಲಿ ಆದ್ರೆ ಹದ ಹೋಯ್ತು, ಮತ್ತೆ ಬೆಣ್ಣೆ ಕೊರಿಲಿಕ್ಕೆ ಮಾತ್ರ. ಆಗಾಗ ನೀರಿಗೆ ಅದ್ದಿ. ಹೈಸ್ಪೀಡ್ ಸ್ಟೀಲಿನ ಉಳಿಗೆ ಈ ಗೋಳಿಲ್ಲ.

ಬೇಕಾದ್ದು ನಾಲ್ಕು. ಒರಟು ತೆಗಿಲಿಕ್ಕೆ ಒಂದು ದೊಡ್ಡ ದೋಣಿ ಉಳಿ, ಒಳಗೆ ಹೊರಗೆ ಎರಡಕ್ಕೂ ಒಂದು ಚಿಕ್ಕ ದೋಣಿ ಉಳಿ, ಬೇರೆ ಮಾಡ್ಲಿಕ್ಕೆ ತೆಳು ಪಾರ್ಟಿಂಗ್ ಉಳಿ, ಒಳಗೋಡೆ ಹೆರಿಲಿಕ್ಕೆ ಒಂದು ಸ್ಕ್ರೇಪರು. ಹನ್ನೆರಡು ಉಳಿಯ ಸೆಟ್ಟು ನೋಡ್ಲಿಕ್ಕೆ ಚಂದ, ಅದರಲ್ಲಿ ಎಂಟು ತುಕ್ಕು ಹಿಡಿಯುದಕ್ಕೆ.

ಕೆಲಸದ ಕ್ರಮ ಹೇಳಿ.

ಒಣಗಿದ ತುಂಡು 65 ಮಿಲ್ಲಿ ಚೌಕ, 130 ಉದ್ದ ಅಂತ ಇಟ್ಕೊಳ್ಳಿ, ಗೆರೆ ಉದ್ದಕ್ಕೆ ಇರ್ಬೇಕು. ಎರಡು ಕೊನೆಗೂ ಲೇತಿನ ಚೂಪು ಮೊನೆ ಕೊಟ್ಟು ಹಿಡಿಸಿ 60 ಮಿಲ್ಲಿ ಗುಂಡು ಮಾಡಿ, ಎರಡೂ ಕೊನೆಲಿ ಮೊಣೆ ತೆಗೀರಿ. ಮೂರರಲ್ಲಿ ಒಂದು ಪಾಲು ಮುಚ್ಚಳ, ಎರಡು ಪಾಲು ಬುಡ, ಅಲ್ಲಿ ಪಾರ್ಟಿಂಗ್ ಉಳಿ ಇಳಿಸಿ. ಪೂರ್ತಿ ಕತ್ತರಿಸ್ಲಿಕ್ಕೆ ಹೋಗ್ಬೇಡಿ, ಬೆರಳಷ್ಟು ಉಳಿದಾಗ ಲೇತು ನಿಲ್ಲಿಸಿ ಗರಗಸ ಹಾಕಿ.

ಮುಚ್ಚಳ ಮೊದಲು. ಈ ಕ್ರಮ ತಪ್ಪಿಸ್ಬೇಡಿ. ಗುಂಡಿಯ ಬಾಯಿಯನ್ನು ಆಮೇಲೆ ಸರಿ ಮಾಡುದು ಕಷ್ಟ, ಮುಚ್ಚಳದ ಒಳಗೆ ಕೂರುವ ಬುಡದ ಕೊರಳನ್ನು ಎಷ್ಟು ಬೇಕಾದ್ರೂ ಸಣ್ಣ ಮಾಡ್ಬಹುದು. ಮುಚ್ಚಳದ ಒಳಗೆ ತೆಗಿವಾಗ ಚಿಕ್ಕ ದೋಣಿ ಉಳಿಯನ್ನು ನಡುವಿಂದ ಶುರು ಮಾಡಿ ಹೊರಗಿನ ಅಂಚಿಗೆ ತನ್ನಿ. ಬಟ್ಟಲು ಕಡೆದು ಅಭ್ಯಾಸ ಇದ್ದವರು ಹೊರಗಿಂದ ನಡುವಿಗೆ ಹೋಗ್ತಾರೆ, ಅಲ್ಲಿ ಗೆರೆ ಅಡ್ಡ ಇರ್ತದೆ, ಅದು ಸರಿ. ಇಲ್ಲಿ ಗೆರೆ ನಿಮ್ಮ ಮುಖಕ್ಕೆ ನೇರ ಉಂಟು, ಹಾಗೆ ಹೋದ್ರೆ ಪೊರಕೆ ಕಡ್ಡಿಯನ್ನು ತುದಿಯಿಂದ ಕೆದರಿದ ಹಾಗೆ ಆಗ್ತದೆ. ಮುಚ್ಚಳದ ಒಳಗೋಡೆಯ ಬಾಯಿ ಹತ್ತಿರದ 8 ಮಿಲ್ಲಿ ಮಾತ್ರ ಸ್ಕ್ರೇಪರಲ್ಲಿ ನೇರ ಮಾಡಿ, ಒಳಗೆ ಅಗಲ ಬಾಯಿ ಚಿಕ್ಕ ಆಗ್ಬಾರ್ದು, ಬಾಯಿ ಅಗಲ ಒಳಗೆ ಚಿಕ್ಕವೂ ಆಗ್ಬಾರ್ದು. ಸ್ಕ್ರೇಪರ್ ಒಳಗೆ ಹಿಡಿಯುವಾಗ ಬಾಯಿ ನಡುಗೆರೆಗಿಂತ ಒಂದು ಚೂರು ಮೇಲೆ ಇರ್ಲಿ, ಹೊರಗೆ ಹಿಡಿಯುವಾಗ ಒಂದು ಚೂರು ಕೆಳಗೆ. ಹಾಗಿದ್ರೆ ಜಾರಿದ್ರೂ ಕಚ್ಚುದಿಲ್ಲ.

ಮತ್ತೆ ಬುಡ ಹಾಕಿ, ಕೊರಳು ಮಾಡಿ, ಅದಕ್ಕೆ ಮುಚ್ಚಳ ಬಿಗಿಯಾಗಿ ಕೂರಿಸಿ, ಕೂರಿಸಿದ್ದ ಹಾಗೇ ಮುಚ್ಚಳದ ತಲೆ ಕಡೀರಿ. ಆಮೇಲೆ ಬುಡದ ಒಳಗೆ ತೆಗೀರಿ. ಎಷ್ಟು ಆಳ ಅಂತ ಮೊದಲೇ ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ ನಡುವೆ ತೂತು ಮಾಡಿ ಇಟ್ಕೊಳ್ಳಿ, ಅಂದಾಜಿಗೆ ಹೋಗಿ ತಳ ತೂತು ಮಾಡಿದವರ ಸಂಘದಲ್ಲಿ ನಾನೂ ಒಬ್ಬ. ಕೊನೆಗೆ ಒಂದು ವೇಸ್ಟು ಮರದಲ್ಲಿ ಕೊರಳು ಕಡೆದು ಬುಡವನ್ನು ಕವುಚಿ ಅದಕ್ಕೆ ಕೂರಿಸಿ ತಳದ ಮೊಣೆ ತೆಗೀರಿ. ತಳ ಸ್ವಲ್ಪ ಒಳಗೆ ಹೊಟ್ಟೆ ಹೋದ ಹಾಗೆ ಇರ್ಲಿ, ಇಲ್ಲದಿದ್ರೆ ಮೇಜಿನ ಮೇಲೆ ಬುಗುರಿ ಆಗ್ತದೆ.

ಮುಚ್ಚಳ ಸರಿಯಾಗಿ ಕೂರಿಸುದು ಹೇಗೆ? ಆ ಟುಪುಕ್ ಶಬ್ದ ಹೇಗೆ ಬರ್ತದೆ?

ಕ್ಯಾಲಿಪರಲ್ಲಿ ಅಳೆದು ಆಗುದಿಲ್ಲ, ಅದು ಹತ್ರ ಬರುವ ತನಕ ಮಾತ್ರ. ಕೊರಳನ್ನು ಬೇಕಾದ್ದಕ್ಕಿಂತ ಒಂದು ಮಿಲ್ಲಿ ದಪ್ಪ ಬಿಡಿ. ಅದರ ತುದಿಲಿ ಎರಡು ಮಿಲ್ಲಿಯಷ್ಟು ಜಾಗ ಓರೆ ಮಾಡಿ, ಮುಚ್ಚಳ ಸುಮ್ನೆ ತಾಗಿ ನಿಲ್ಲುವ ಹಾಗೆ. ಈಗ ಲೇತು ನಿಧಾನಕ್ಕೆ ತಿರುಗ್ತಾ ಇರುವಾಗ ಮುಚ್ಚಳವನ್ನು ಅಂಗೈಲಿ ಹಿಡ್ದು ಒಂದು ಸೆಕೆಂಡು ಒತ್ತಿ ತೆಗೀರಿ. ಲೇತು ನಿಲ್ಲಿಸಿ ದೀಪದ ಹತ್ರ ನೋಡಿ. ಓರೆಯ ಮೇಲೆ ಒಂದು ಹೊಳೆಯುವ ಬಳೆ ಕಾಣ್ತದೆ, ನೂಲಿನಷ್ಟೇ ಅಗಲ, ಹಲಸಲ್ಲಾದ್ರೆ ಸ್ವಲ್ಪ ಕಂದು. ಆ ಬಳೆ ಇರುವ ದಪ್ಪವೇ ನಿಮಗೆ ಬೇಕಾದ ದಪ್ಪ. ಉಳಿದ ಕೊರಳನ್ನು ಆ ಬಳೆಯ ಮಟ್ಟಕ್ಕೆ ತನ್ನಿ, ಬಳೆಯನ್ನು ಮುಟ್ಬೇಡಿ. ಕೊನೆಯ ಚೂರು ತೆಗಿವಾಗ ಹೆರೆಯುವ ಹುಡಿ ಕಾಯಿತುರಿಯ ಹಾಗೆ ಅಲ್ಲ, ಅವಲಕ್ಕಿ ಹುಡಿಯ ಹಾಗೆ ಬರ್ಬೇಕು, ಅಷ್ಟು ಕಮ್ಮಿ. ಒಂದು ಹೆರೆತ, ಒಂದು ಸರ್ತಿ ಮುಚ್ಚಳ ಹಾಕಿ ನೋಡುದು, ಮತ್ತೊಂದು ಹೆರೆತ. ಇಲ್ಲಿ ಅವಸರ ಮಾಡಿದವನು ಇನ್ನೊಂದು ಭರಣಿ ಶುರು ಮಾಡ್ಬೇಕಾಗ್ತದೆ.

ಮುಖ್ಯ ವಿಷಯ, ಈ ಹಂತದಲ್ಲಿ ಮುಚ್ಚಳ ನಿಮಗೆ ಬೇಕಾದ್ದಕ್ಕಿಂತ ಬಿಗಿ ಇರ್ಬೇಕು. ಬುಡದ ಒಳಗೆ ತೆಗೆದ ಮೇಲೆ ಮರ ಒಂದು ಚೂರು ಸಡಿಲ ಬಿಡ್ತದೆ, ಸ್ಯಾಂಡ್ ಪೇಪರು ಇನ್ನೊಂದು ಚೂರು ತಿನ್ತದೆ. ಕೊನೆಯ ಫಿಟ್ಟಿಂಗು ಯಾವಾಗ್ಲೂ ಎಲ್ಲ ಆದ ಮೇಲೆ. ಶಬ್ದ ಬರುದು ಒಳಗಿನ ಗಾಳಿಯಿಂದ. ಗೋಡೆಗಳೆರಡೂ ನೇರ ಇದ್ರೆ ಮುಚ್ಚಳ ಎಳೆಯುವಾಗ ಗಾಳಿ ಒಳಗೆ ಹೋಗ್ಲಿಕ್ಕೆ ದಾರಿ ಇರುದಿಲ್ಲ, ಕೊನೆಗೆ ಒಮ್ಮೆಲೇ ನುಗ್ತದೆ, ಟುಪುಕ್. ಗೋಡೆ ಓರೆ ಇದ್ರೆ ಒಂದು ಗೆರೆಯಲ್ಲಿ ಮಾತ್ರ ಹಿಡಿತ, ಶಬ್ದವೂ ಇಲ್ಲ, ಆರು ತಿಂಗಳಲ್ಲಿ ಹಿಡಿತವೂ ಇಲ್ಲ.

ನನಗೆ ಕೇಳಿದ್ರೆ ಕುಂಕುಮದ ಭರಣಿಗೆ ಟುಪುಕ್ ಬೇಡವೇ ಬೇಡ. ಅಜ್ಜಿ ಒಂದು ಕೈಲಿ ಮುಚ್ಚಳ ತೆಗಿಬೇಕಲ್ಲ. ಎರಡೂ ಕೈ ಹಾಕಿ ಎಳೆದ್ರೆ ಕುಂಕುಮ ಸೀರೆಗೆ.

ಲೂಸ್ ಆಗಿಹೋಯ್ತು, ಈಗ ಎಂತ ಮಾಡುದು?

ಕೆಲಸ ಮುಗಿಯುವ ತನಕ ಹಿಡ್ಕೊಂಡ್ರೆ ಸಾಕು ಅಂತಾದ್ರೆ ಕೊರಳಿಗೆ ಒಂದು ಸುತ್ತು ಟಿಶ್ಯೂ ಪೇಪರು ಇಲ್ಲಾ ಪೇಂಟಿನವರ ಕಾಗದದ ಟೇಪು. ಸ್ವಲ್ಪವೇ ಲೂಸಿದ್ರೆ ಕೊರಳಿಗೆ ಒದ್ದೆ ಬೆರಳು ಸವರಿ, ಮರ ಉಬ್ತದೆ, ತಾತ್ಕಾಲಿಕ. ಖಾಯಂ ಆಗಿ ಲೂಸಿದ್ರೆ ಕೊರಳಿಗೆ ಎರಡು ಮೂರು ಕೋಟು ಅರಗಿನ ಪಾಲಿಶ್ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ರೆ ಲೂಸ್ ಮುಚ್ಚಳದ ಭರಣಿ ಅಂತಲೇ ಕೊಡಿ, ಯಾರಿಗೂ ಗೊತ್ತಾಗುದಿಲ್ಲ.

ಗಲ್ಫಿಗೆ ಕಳಿಸಿದ್ದು ಮುಚ್ಚಳ ಕಚ್ಚಿ ಹಿಡಿದಿದೆ ಅಂತೆ, ಇಲ್ಲಿ ಸರಿ ಇತ್ತು?

ಚಿಕ್ಕಪ್ಪನ ಮಗ ದುಬಾಯಿಂದ ವಾಟ್ಸಾಪಲ್ಲಿ ಇದನ್ನೇ ಕೇಳಿದ್ದು. ಇಲ್ಲಿಯ ಹಸಿ ಗಾಳಿಲಿ ಇದ್ದ ಮರ ಅಲ್ಲಿ ಇಪ್ಪತ್ತನಾಲ್ಕು ಗಂಟೆ ಏಸಿ ರೂಮಲ್ಲಿ ಕೂತ್ರೆ ಇನ್ನೂ ಒಣಗ್ತದೆ, ಮತ್ತೆ ಮೊಟ್ಟೆ ಆಕಾರ. ಅವನಿಗೆ ಹೇಳಿದ್ದು ಇಷ್ಟೇ, ಎಳಿಬೇಡ, ಮೆಲ್ಲ ತಿರುಗಿಸು, ಬುಡದ ಗೆರೆಯೂ ಮುಚ್ಚಳದ ಗೆರೆಯೂ ಎದುರೆದುರು ಬರುವಲ್ಲಿ ತಾನಾಗಿ ಸಡಿಲ ಆಗ್ತದೆ. ಆಯ್ತು. ಬುಡವೂ ಮುಚ್ಚಳವೂ ಒಂದೇ ತುಂಡಿಂದ ಬಂದದ್ದಾದ್ರೆ ಎರಡೂ ಒಂದೇ ಕಡೆಗೆ ಮೊಟ್ಟೆ ಆಗಿರ್ತದೆ, ಹುಟ್ಟಿದ ಜಾಗಕ್ಕೆ ತಂದ್ರೆ ಬಿಟ್ಟುಕೊಡ್ತದೆ. ಈಗ ದೂರ ಹೋಗುವ ಭರಣಿಗೆ ನಾನು ಕೊರಳಲ್ಲಿ ಕೂದಲೆಳೆಯಷ್ಟು ಸಡಿಲ ಬಿಡ್ತೇನೆ, ಮುಚ್ಚಳದ ಒಳಗೂ ಬುಡದ ಒಳಗೂ ಒಂದೊಂದು ಚುಕ್ಕೆ ಪೆನ್ಸಿಲಲ್ಲಿ.

ಮುಚ್ಚಳ ಹಾಕಿದಾಗ ಮರದ ಗೆರೆ ಮ್ಯಾಚ್ ಆಗುದಿಲ್ಲ, ಎಂತಕ್ಕೆ?

ಎಡೆಲಿ ಇದ್ದ ಮರ ಹೋಯ್ತಲ್ಲ. ಪಾರ್ಟಿಂಗ್ ಉಳಿ 3 ಮಿಲ್ಲಿ ತಿಂತು, ಕೊರಳಿನ 8 ಮಿಲ್ಲಿ ಹೊರಮೈ ನೀವೇ ಕಡೆದು ಹುಡಿ ಮಾಡಿದಿರಿ, 11 ಮಿಲ್ಲಿಯ ಗೆರೆ ಈಗ ನೆಲದಲ್ಲಿ ಉಂಟು. ಗೆರೆ ನೇರ ಇರುವ ತುಂಡಾದ್ರೆ ಕಾಣುದಿಲ್ಲ. ಇಲ್ಲದಿದ್ರೆ ಉಳಿ ತೆಳು ಮಾಡಿ, ಕೊರಳು ಗಿಡ್ಡ ಮಾಡಿ, ಇಲ್ಲಾ ಸೇರುವ ಜಾಗದಲ್ಲಿ ಒಂದು ಸಣ್ಣ ಕಚ್ಚು ಹಾಕಿ, ಕಣ್ಣು ಅಲ್ಲೇ ನಿಲ್ತದೆ.

ತೆಂಗಿನೆಣ್ಣೆ ಹಚ್ಚಿದ್ರೆ ಸಾಕಲ್ಲ? ಪಾಲಿಶ್ ಎಂತ ಹಾಕುದು?

ಮನೆಲಿ ಡಬ್ಬ ಡಬ್ಬ ಉಂಟು ಅಂತ ಎಲ್ಲರಿಗೂ ಆಸೆ. ಹಚ್ಚಿದ ದಿನ ಫಳಫಳ. ಆದ್ರೆ ತೆಂಗಿನೆಣ್ಣೆ ಒಣಗುವ ಎಣ್ಣೆ ಅಲ್ಲ, ಯಾವಾಗ್ಲೂ ಎಣ್ಣೆಯಾಗಿಯೇ ಇರ್ತದೆ, ಹುಡಿ ಹಿಡೀತದೆ, ಮುಚ್ಚಿದ ಭರಣಿ ಒಳಗೆ ಕನರು ವಾಸನೆ. ಒಣಗಿ ಪದರ ಆಗುದು ಅಗಸೆ ಎಣ್ಣೆಯಂಥದ್ದು. ಅದು ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡ್ಬೇಡಿ, ತಾನಾಗಿಯೇ ಬಿಸಿ ಆಗಿ ಬೆಂಕಿ ಹಿಡೀತದೆ. ಹರಡಿ ಒಣಗಿಸಿ ಇಲ್ಲಾ ನೀರಲ್ಲಿ ಮುಳುಗಿಸಿ ಇಡಿ. ಅಡಿಕೆ ಸಿಪ್ಪೆ ರಾಶಿ ಹತ್ರವೇ ಇರುವ ನಮ್ಮಂಥವರಿಗಂತೂ ಇದು ತಮಾಷೆ ಅಲ್ಲ.

ನಾನು ಮಾಡುದು, ಹೊರಗೆ ಅರಗು, ಒಳಗೆ ಜೇನುಮೇಣ ಮಾತ್ರ. ಚಪ್ಪಡ ಅರಗು (ತೆಳು ಚಕ್ಕೆಯದ್ದು) ಸ್ಪಿರಿಟಲ್ಲಿ ಒಂದು ರಾತ್ರಿ ನೆನೆ ಹಾಕಿ ಸೋಸಿ, ಬಟ್ಟೆಲಿ ಎರಡು ತೆಳು ಕೋಟು, ಒಣಗಿದ ಮೇಲೆ ಲೇತು ತಿರುಗಿಸಿ ಮೇಣ ಹಿಡ್ದು ಬಟ್ಟೆಲಿ ಒತ್ತುದು. ಮೇಣ ಸುಮಾರು 63 ಡಿಗ್ರಿಗೆ ಕರಗ್ತದೆ, ಬಟ್ಟೆ ತಿಕ್ಕಿದ ಬಿಸಿಗೆ ಅಷ್ಟು ಬಂದುಬಿಡ್ತದೆ. ತುಡುವೆ ಜೇನು ಸಾಕುವವರು ಹತ್ರದಲ್ಲಿದ್ರೆ ಎರಿಯ ಮೇಣ ಕೇಳಿ ನೋಡಿ.

ಚನ್ನಪಟ್ಟಣದ ಹಾಗೆ ಬಣ್ಣ ಬೇಕಾದ್ರೆ ಬಣ್ಣದ ಅರಗಿನ ಕಡ್ಡಿಯನ್ನೇ ತಿರುಗುವ ಮರಕ್ಕೆ ಒತ್ತುದು, ತಿಕ್ಕಾಟದ ಬಿಸಿಗೆ ಕರಗಿ ಮೆತ್ತಿಕೊಳ್ತದೆ. ಹೊಳಪು ಬರ್ಸುದು ಕೇದಗೆ ಜಾತಿಯ ಒಣ ಎಲೆಯಲ್ಲಿ. ನಮ್ಮಲ್ಲಿ ಮೂಡೆ ಕಟ್ಟುವ ಮುಂಡೇವು ಅದೇ ಜಾತಿ, ತೋಡಿನ ಬದಿಲಿ ಬೇಕಾದಷ್ಟು. ಒಣಗಿಸಿ ಮುಳ್ಳಿನ ಅಂಚು ತೆಗ್ದು ನಾನೂ ಮಾಡಿದ್ದೇನೆ, ಹೊಳಪು ಬಂತು. ಸ್ಯಾಂಡ್ ಪೇಪರು ಮೊದಲು 150, 240, 400, ಸಾಕು. ಪ್ರತಿ ನಂಬರಿಗೂ ಲೇತು ನಿಲ್ಲಿಸಿ ಗೆರೆಯ ದಿಕ್ಕಲ್ಲಿ ಕೈಯಲ್ಲಿ ಒಮ್ಮೆ ಉಜ್ಜಿ, ಇಲ್ಲದಿದ್ರೆ ಬಳೆ ಬಳೆ ಗೀರು ಪಾಲಿಶ್ ಹಾಕಿದ ಮೇಲೆಯೇ ಕಾಣುದು.

ಸುಣ್ಣ ಹಾಕಿ ಇಡಬಹುದಾ? ಕರ್ಪೂರ?

ಒದ್ದೆ ಸುಣ್ಣ ಬೇಡ, ಮರ ಕಪ್ಪಾಗ್ತದೆ, ಉಬ್ಬಿ ಒಡೀತದೆ. ಅಜ್ಜಂದಿರ ಸುಣ್ಣದ ಡಬ್ಬಿ ಲೋಹದ್ದು ಇರ್ತಿದ್ದದ್ದು ಸುಮ್ನೆ ಅಲ್ಲ. ಕರ್ಪೂರ ಇಡಿ, ಮುಚ್ಚಳ ಸರಿ ಕೂತಿದೆಯಾ ಅಂತ ಪರೀಕ್ಷೆ ಆಗ್ತದೆ. ಎರಡು ತಿಂಗಳಲ್ಲಿ ಕರ್ಪೂರ ಖಾಲಿ ಆದ್ರೆ ಕೂರ್ಲಿಲ್ಲ ಅಂತ.

ಅಪಾಯ ಉಂಟಾ?

ಉಂಟು. ಒಂದು ಸರ್ತಿ ಬೆವರು ಒರೆಸಿಕೊಳ್ಳಿಕ್ಕೆ ಹೆಗಲಲ್ಲಿ ಬೈರಾಸು ಹಾಕಿದ್ದೆ, ಬಗ್ಗಿದ್ದು ಮಾತ್ರ ಗೊತ್ತು, ತುದಿ ಚಕ್ಕಿಗೆ ಸಿಕ್ಕಿ ಸರಸರ ಅಂತ ಸುತ್ತಿ ಎಳೀತು. ಬರೀ ಹೆಗಲ ಮೇಲೆ ಇದ್ದದ್ದಕ್ಕೆ ಜಾರಿಹೋಯ್ತು, ಕೊರಳಿಗೆ ಸುತ್ತಿದ್ದಿದ್ರೆ ಇದನ್ನು ಬರೀಲಿಕ್ಕೆ ನಾನಿರ್ತಿರ್ಲಿಲ್ಲ. ಹಾಗಾಗಿ ಬೈರಾಸು, ಸೆರಗು, ಸರ, ಜಪಮಾಲೆ, ಉದ್ದ ತೋಳಿನ ಅಂಗಿ, ಇಳಿಬಿಟ್ಟ ಲುಂಗಿ ಯಾವುದೂ ಇಲ್ಲ. ಗ್ಲೌಸು ಹಾಕ್ಲೇ ಬಾರ್ದು, ಬೆರಳನ್ನು ಎಳ್ಕೊಂಡು ಹೋಗ್ತದೆ. ಮುಖಕ್ಕೆ ಶೀಲ್ಡು ಬೇಕು. ಸ್ಯಾಂಡ್ ಪೇಪರ್ ಹಿಡಿಯುವಾಗ ಉಳಿ ಆನಿಸುವ ಟೂಲ್ ರೆಸ್ಟ್ ತೆಗ್ದುಬಿಡಿ.

ಹುಡಿಯದ್ದು ಬೇರೆಯೇ ವಿಷಯ. ಮರ ತಾನೇ, ಎಂತ ಆಗ್ತದೆ ಅಂತಾರೆ. ಮರದ ಹುಡಿ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಮೊದಲ ಗುಂಪಿಗೆ ಹಾಕಿದೆ. ಒಳ್ಳೆ ಮಾಸ್ಕು ಹಾಕಿ, ಮೂಗಿಗೆ ಕಟ್ಟಿದ ಕರ್ಚೀಫು ಸಾಲುದಿಲ್ಲ. ಹಲಸು ಉಜ್ಜಿದ ದಿನ ಕರ್ಚೀಫಿಗೆ ಸೀನಿ ನೋಡಿ, ಅರಸಿನ ಬಣ್ಣ.

ಕರೆಂಟ್ ಹೋದ್ರೆ?

ಉಳಿ ಹಿಂದೆ ತೆಗೀರಿ, ಮೊದಲು ಸ್ವಿಚ್ ಆಫ್ ಮಾಡಿ, ಮತ್ತೆ ಚಾ ಕುಡಿಲಿಕ್ಕೆ ಹೋಗಿ. ನಮ್ಮ ಊರಲ್ಲಿ ಕರೆಂಟ್ ಹೇಳಿ ಬರುದಿಲ್ಲ. ನೀವು ಮುಚ್ಚಳ ಕೈಲಿ ಹಿಡ್ದು ನೋಡ್ತಾ ಇರುವಾಗಲೇ ಲೇತು ತಿರುಗ್ಲಿಕ್ಕೆ ಶುರು.

ಸಣ್ಣ ಬಿರುಕು ಬಂದಿದೆ, ಬಿಸಾಡುದಾ?

ಬೇಡ. ಅದೇ ಮರದ ಹುಡಿ ತುಂಬಿ ಫೆವಿಕ್ವಿಕ್ ಬಿಡಿ. ಬಿರುಕು ಕೊರಳಿಗೆ ಬಂದಿದ್ರೆ ಮಾತ್ರ ಒಲೆಗೆ.

ನಮಗೊಂದು ಮಾಡಿ ಕೊಡ್ತೀರಾ?

ಮರ ನೀವೇ ತನ್ನಿ, ನಿಮ್ಮ ಹಳೆ ಮನೆಯ ದಾರಂದ ಉಂಟಾದ್ರೆ ಇನ್ನೂ ಒಳ್ಳೆದು, ಮೊಳೆ ತೆಗ್ದು ತನ್ನಿ. ಆದ್ರೆ ಈಗ ಬರ್ಬೇಡಿ, ಈಗ ಆಟಿ, ಗೋಡೆಯೇ ಬೆವರ್ತಾ ಉಂಟು. ಅಟ್ಟದಲ್ಲಿ ಇಪ್ಪತ್ತಮೂರು ಒರಟು ಭರಣಿ ಕೂತಿವೆ, ಮೊನ್ನೆ ಭಾನುವಾರ ತೂಕ ನೋಡಿದೆ, ಎಲ್ಲವೂ ಮೂರು ನಾಲ್ಕು ಗ್ರಾಂ ಏರಿದೆ. ದೀಪಾವಳಿ ಕಳೀಲಿ.